ಉಡಿಯಲ್ಲಿ ಬಂದ ಬಾಳೆಮರಿ

ಬಾಳೆ ಸಂಶೋಧನೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ರವಿವಾರ ಶಹಾಬಜಾರದ ನಮ್ಮ ಮನೆಯ ತನಕ ಬರುತ್ತಾರೆ. ಓಣಿ ಸಣ್ಣದು, ಗಾಡಿ ಹೊರಗೇ ನಿಲ್ಲಿಸಿ ನಡೆದು ಬರಬೇಕು. ಚಹಾ ಕುಡಿದ ಮೇಲೆ ಕೇಳುತ್ತಾರೆ: "ಖಾಜಾ ಚಾಚಾ, ನಿಮ್ಮ ಕಾಲದಾಗ ಈ ಕೆಲಸ ಹ್ಯಾಂಗಿತ್ತು?" ಬಾಯಿಯಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನ ಬರಹ ಇದು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ. ಕೆಲಸದ ವಿಷಯದಲ್ಲಿ ಮಾತ್ರ ತಿದ್ದಲು ಬರಬೇಡಿ. ಅದನ್ನು ನಾನು ಸರಿಯಾಗಿಯೇ ಮಾಡಿದ್ದೇನೆ.

ನಮ್ಮ ಅಬ್ಬಾ ಸ್ಟೇಶನ್ ಬಜಾರದಲ್ಲಿ ತಳ್ಳುಬಂಡಿಯ ಮೇಲೆ ಬಾಳೆಹಣ್ಣು ಮಾರುತ್ತಿದ್ದರು. ಅವರ ಮೊಣಕಾಲು ಕೈಕೊಟ್ಟಾಗ ಬಂಡಿ ನನ್ನ ಕೈಗೆ ಬಂತು, ಶಾಲೆ ಹೋಯಿತು. ಕೆಲವು ವರ್ಷಗಳ ಮೇಲೆ ಊರ ಹೊರಗಿನ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಗುದ್ದಲಿ ಹಿಡಿಯುವವರು ಬೇಕು ಎಂದು ಯಾರೋ ಹೇಳಿದರು. ಹೋದೆ. ಆಗ ಬಸ್ಸಿನ ಹಲಗೆಯ ಮೇಲೆ ಗುಲಬರ್ಗಾ ಎಂದೇ ಬರೆದಿರುತ್ತಿತ್ತು, ನಮ್ಮ ಬಾಯಲ್ಲಿ ಮಾತ್ರ ಕಲಬುರಗಿ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಯಾವಾಗ ಖಾಯಂ ಆದೆ, ಯಾವಾಗ ಬಡ್ತಿ ಬಂತು ಎಂಬುದನ್ನು ಬರೆದು ಕಾಗದ ಕೆಡಿಸುವುದಿಲ್ಲ. ಅದನ್ನು ಓದಿ ಯಾರಿಗೂ ಒಂದು ಗಿಡ ನೆಡಲು ಬರುವುದಿಲ್ಲ.

ನನ್ನ ಮೇಲಿನವರು ದೇಶಪಾಂಡೆ ಸಾಹೇಬರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ ಕೂಡಿ. ತೆಳ್ಳನೆಯ ಆಳು. ಹುಟ್ಟಿದಾಗಿನಿಂದ ನೆಗಡಿಯ ದೇಹ, ಬಾಳೆಹಣ್ಣು ತಿಂದರೆ ಮರುದಿನ ಎದೆ ಕಟ್ಟುತ್ತಿತ್ತು. ಜೀವನವೆಲ್ಲ ಬಾಳೆಗೆ ಸವೆಸಿದ ಆ ಮನುಷ್ಯ ಹಣ್ಣಿನ ರುಚಿಯನ್ನು ನನ್ನ ನಾಲಿಗೆಯಿಂದ ತಿಳಿದುಕೊಳ್ಳುತ್ತಿದ್ದರು. "ಖಾಜಾ, ತಿಂದು ಹೇಳಪಾ, ಹುಳಿ ಮೊದಲ ಬರ್ತದೋ ಸಿಹಿ ಮೊದಲ ಬರ್ತದೋ?" ನಾನು ಕಣ್ಣು ಮುಚ್ಚಿ ತಿಂದು ಹೇಳಬೇಕು, ಅವರು ಬರೆದುಕೊಳ್ಳಬೇಕು. ಇಂಥ ನೌಕರಿ ಯಾರಿಗುಂಟು!

ನಮ್ಮ ಮುಖ್ಯ ಕೆಲಸ ಕಲಬುರಗಿ ಹತ್ತಿರದ ಕಮಲಾಪುರದ ಕೆಂಪು ಬಾಳೆಯ ಮೇಲೆ. ಅದನ್ನು ನೋಡದವರಿಗೆ ಹೇಳುತ್ತೇನೆ: ದಿಂಡು ಕೆಂಪು, ಎಲೆಯ ದಂಟು ಕೆಂಪು, ಹಣ್ಣಿನ ಸಿಪ್ಪೆ ಇಟ್ಟಿಗೆಯ ಬಣ್ಣ. ಒಳಗೆ ಕೆನೆಯಂಥ ತಿರುಳು. ಬೇರೆ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದು ಒಂದೂವರೆ ವರ್ಷ ಕಾಯಿಸುತ್ತದೆ. ಕಮಲಾಪುರದ ಆ ತಗ್ಗಿನ ನೆಲ, ಹಳ್ಳದ ನೀರು ಬಿಟ್ಟು ಬೇರೆ ಕಡೆ ಅದಕ್ಕೆ ಆ ರುಚಿ ಬರುವುದಿಲ್ಲ.

ಸಾಹೇಬರಿಗೆ ಮೊದಲು ಒಂದು ಆಸೆ ಇತ್ತು. ರೋಗ ತಡೆಯುವ ಕಾಡುಬಾಳೆಯ ಪರಾಗ ತಂದು ಕೆಂಪು ಬಾಳೆಗೆ ಕೂಡಿಸಿ ಹೊಸ ತಳಿ ಮಾಡಬೇಕು ಎಂದು. ಬೆಳಗಿನ ತಂಪಿನಲ್ಲಿ ನಾನು ಏಣಿ ಹತ್ತಿ, ಬಾಳೆಮೋತೆಯ ಸಿಪ್ಪೆ ಎತ್ತಿ, ಕುಂಚದಿಂದ ಹೆಣ್ಣು ಹೂವಿಗೆ ಪರಾಗ ಹಚ್ಚಿ, ಚೀಲ ಕಟ್ಟಿ ಇಳಿಯುತ್ತಿದ್ದೆ. ಗೊನೆ ಹಣ್ಣಾದ ಮೇಲೆ ಒಂದೊಂದನ್ನೂ ಸೀಳಿ, ಹಿಚುಕಿ, ಬೀಜ ಹುಡುಕಬೇಕು. ಗೊನೆಗಟ್ಟಲೆ ಹಿಚುಕಿದೆವು. ಒಂದೂ ಬೀಜ ಸಿಗಲಿಲ್ಲ. ನನ್ನ ಹೆಂಡತಿ ನಮ್ಮ ದಖನಿಯಲ್ಲಿ ನಗಾಡುತ್ತಿದ್ದಳು, "ಕೇಲೋಂಕಾ ನಿಕಾಹ್ ಪಢಾತೆ ಫಿರ್ತೇ!" ಬಾಳೆಗಳಿಗೆ ನಿಕಾಹ್ ಓದಿಸುತ್ತಾ ಗಂಡ ತಿರುಗಿದರೆ ಮನೆಯ ಮಗಳಿಗೆ ವರ ಯಾರು ನೋಡಬೇಕು ಎಂದು.

ಯಾಕೆ ಬೀಜವಾಗುವುದಿಲ್ಲ ಎಂದು ಸಾಹೇಬರನ್ನು ಕೇಳಿದೆ. ಬದುವಿನ ಮೇಲೆ ಕೂತು ಹೇಳಿದರು: "ಜೀವ ಇದ್ದದ್ದಕ್ಕೆಲ್ಲ ಒಳಗ ಒಂದು ಜಾತಕ ಇರ್ತದ ಖಾಜಾ. ಎಲ್ಲಾರಿಗೂ ಎರಡ ಪ್ರತಿ. ಒಂದು ತಾಯಿದು, ಒಂದು ತಂದಿದು. ಅದರಾಗ ಅರ್ಧ ಮಕ್ಕಳಿಗೆ ಸಮಾ ಹಂಚಿ ಕೊಡ್ಲಿಕ್ಕೆ ಬರ್ತದ. ಇದರ ಹೊಟ್ಟ್ಯಾಗ ಮೂರ ಪ್ರತಿ ಅವ. ಮೂರ ಹ್ಯಾಂಗ ಸಮಾ ಹಂಚತೀ ಹೇಳು?"

"ಅಂದ್ರ ಇದಕ್ಕ ಮಕ್ಕಳೇ ಇಲ್ಲೇನ್ರಿ ಸಾಹೇಬ್ರ?"

"ಮಕ್ಕಳಿಲ್ಲ. ಬುಡದಾಗ ಮರಿ ಏಳ್ತದಲ್ಲ, ಅದು ಮಗಳಲ್ಲ, ಅದೇ ತಾಯಿ. ಕಮಲಾಪುರದಾಗ ಎಷ್ಟ ಕೆಂಪು ಬಾಳಿ ಅವ, ಅವೆಲ್ಲಾ ಒಂದೇ ಗಿಡ. ಕೈಯಿಂದ ಕೈಗೆ ದಾಟಿ ಊರ ತುಂಬ ನಿಂತದ."

ಆ ಮಾತು ನನ್ನ ತಲೆಯಲ್ಲಿ ಕೂತಿತು. ಮರಿ ಕೈಯಿಂದ ಕೈಗೆ ದಾಟುವಾಗ ಗಿಡದ ಒಳಗಿನ ರೋಗವೂ ದಾಟುತ್ತದೆ. ಮತ್ತು ಕಮಲಾಪುರದ ಸುತ್ತ ಬಾಳೆಮರಿ ಸುಮ್ಮನೆ ದಾಟುವುದಿಲ್ಲ. ತೋಟದ ಮನೆಗೆ ಹೆಣ್ಣು ಕೊಟ್ಟರೆ, ತವರಿನವರು ಉಡಿ ತುಂಬುವಾಗ ಅಕ್ಕಿ, ಅರಿಶಿನಬೇರು, ಕೊಬ್ಬರಿ ಬಟ್ಟಲಿನ ಜೊತೆ ಹಸಿ ಬಟ್ಟೆಯಲ್ಲಿ ಸುತ್ತಿದ ಒಂದು ಬಾಳೆಮರಿಯನ್ನೂ ಇಡುತ್ತಾರೆ. ಮದುಮಗಳು ಅದನ್ನು ಗಂಡನ ಮನೆಯ ತೋಟದ ಬಾವಿಯ ಹತ್ತಿರ ತನ್ನ ಕೈಯಿಂದ ನೆಡಬೇಕು. ಬಾಳೆ ಮರಿ ಹಾಕಿದಂತೆ ಮನೆತನ ಬೆಳೆಯಲಿ ಎಂಬ ಹಾರೈಕೆ. ನಾನು ಹೇಳಬೇಕೆಂದಿರುವ ಸಂಗತಿ ಇಲ್ಲಿಂದಲೇ ಶುರುವಾಗುತ್ತದೆ.

ಕಮಲಾಪುರದಲ್ಲಿ ಗುರುಬಾಯಿ ಎಂಬ ಹೆಣ್ಣುಮಗಳ ತೋಟದಲ್ಲಿ ನಾವು ಪ್ರತಿ ವರ್ಷ ಗಿಡಗಳ ಅಳತೆ ತೆಗೆದುಕೊಳ್ಳುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ತೋಟವನ್ನು ಆಕೆಯೇ ನಡೆಸಿದವಳು. ಮಾತು ಒರಟು, ಕೈ ದೊಡ್ಡದು. ನನ್ನನ್ನು ಸಾಬಣ್ಣ ಎನ್ನುತ್ತಿದ್ದಳು, ನಾನು ಅಕ್ಕ ಎನ್ನುತ್ತಿದ್ದೆ. ಮಗ ಶರಣಪ್ಪ ಒಬ್ಬನೇ. ಅವನಿಗೆ ಮದುವೆಯಾಗಿ ನೀಲಮ್ಮ ಎಂಬ ಹುಡುಗಿ ಮನೆಗೆ ಬಂದಿದ್ದಳು. ಆಕೆಯ ತವರು ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರದ ಹಳ್ಳಿ.

ಮದುವೆಯಾದ ಮರುವರ್ಷ ಗುರುಬಾಯಿಯಿಂದ ಕರೆ ಬಂತು, ಗಿಡಗಳು ಯಾಕೋ ಏಳುತ್ತಿಲ್ಲ ಎಂದು. ಸಾಹೇಬರು, ನಾನು ಹೋದೆವು. ತೋಟದೊಳಗೆ ಕಾಲಿಟ್ಟ ಕೂಡಲೇ ಸಾಹೇಬರ ಮುಖ ಇಳಿಯಿತು. ಬಾವಿಯ ಕಡೆಯ ಗಿಡಗಳು ಮೊಳಕಾಲೆತ್ತರಕ್ಕೆ ನಿಂತುಬಿಟ್ಟಿದ್ದವು. ಅಗಲವಾಗಿ ಬಾಗಬೇಕಾದ ಎಲೆಗಳು ಸಣ್ಣದಾಗಿ, ನೆಟ್ಟಗೆ, ತುದಿಯಲ್ಲಿ ಒಂದೇ ಕಡೆ ಗುಂಪುಗೂಡಿದ್ದವು, ಕೂದಲನ್ನು ಎತ್ತಿ ಕಟ್ಟಿದ ಹಾಗೆ. ಸಾಹೇಬರು ಒಂದು ಎಲೆ ಮುರಿದು ಬಿಸಿಲಿಗೆ ಹಿಡಿದರು. ದಂಟಿನ ಗುಂಟ ಕಡುಹಸಿರು ಗೆರೆ, ಚುಕ್ಕೆ, ಗೆರೆ, ಚುಕ್ಕೆ. ಅವರು ಅದಕ್ಕೆ ಬಂಚಿ ಟಾಪ್ ಎಂದರು; ರೈತರು ಆಮೇಲೆ ಜುಟ್ಟುರೋಗ ಎಂದು ಕರೆದರು. ಮದ್ದಿಲ್ಲದ ರೋಗ. ಬಂದ ಗಿಡ ಗೊನೆ ಹಾಕುವುದಿಲ್ಲ. ಎಲೆಯ ರಸ ಹೀರುವ ಕರಿ ಹೇನು ಅದನ್ನು ಪಕ್ಕದ ಗಿಡಕ್ಕೆ ಒಯ್ಯುತ್ತದೆ, ಮರಿ ಅದನ್ನು ಪಕ್ಕದ ಊರಿಗೆ ಒಯ್ಯುತ್ತದೆ.

"ಎಲ್ಲಕ್ಕೂ ಮೊದಲ ಯಾವ ಗಿಡ ಹಿಂಗಾತು?" ಎಂದು ಸಾಹೇಬರು ಕೇಳಿದರು. ಅದು ನಮ್ಮ ಕೆಲಸದ ಮೊದಲ ಪ್ರಶ್ನೆ, ಎಲ್ಲ ತೋಟದಲ್ಲೂ ಕೇಳುವಂಥದೇ. ಆ ದಿನ ಅದನ್ನು ಕೇಳಿದ ಕೂಡಲೇ ಅಲ್ಲಿದ್ದವರೆಲ್ಲ ನೀಲಮ್ಮನ ಕಡೆ ನೋಡಿದರು. ಗುರುಬಾಯಿಯ ನೆಗೆಣ್ಣಿ ಭಾಗಮ್ಮ, ಪಕ್ಕದ ತೋಟದವಳು, ಬೇಲಿಯಾಚೆಯಿಂದಲೇ ಹೇಳಿದಳು: "ಸಾಹೇಬ್ರ, ನಮ್ಮನ್ನ ಕೇಳ್ತೀರಿ? ಬಾವಿ ಬಲ್ಲಿ ಹಚ್ಚಿದ್ದು ಯಾರ ಗಿಡ ಅಂತ ಹೊಸ ಸೊಸೀನ್ನ ಕೇಳ್ರಿ. ಬಂದ ಕಾಲ್ಗುಣ ಹಂಗದ."

ನೀಲಮ್ಮ ಕೊಡ ಕೆಳಗಿಟ್ಟಳು. ತಲೆ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದಳು: "ಅದು ನಾ ತಂದದ್ದರಿ. ನಮ್ಮಪ್ಪ ಉಡಿಯಾಗ ಹಾಕಿದ್ದು."

ಅಷ್ಟು ಸಣ್ಣ ದನಿಯಲ್ಲಿ ಅಷ್ಟು ನೇರವಾಗಿ ಯಾರಾದರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಶರಣಪ್ಪ ನೆಲ ನೋಡುತ್ತ ನಿಂತಿದ್ದ.

ನಾವು ಹೊರಡುವಾಗ ಗುರುಬಾಯಿ ರಸ್ತೆಯ ತನಕ ಬಂದಳು. "ಸಾಬಣ್ಣ, ಬರೂ ಸೋಮವಾರ ಮನಿ ಮಂದಿ ಕೂಡ್ತಾರ. ಅಕಿನ್ನ ಜರಾ ದಿವ್ಸ ತವರಿಗೆ ಕಳಸೂನು ಅಂತ ಮಾತು ನಡೆದದ. ತ್ವಾಟ ಸುದ್ದ ಆಗೂತನಾ ಅಂತ."

"ತೋಟ ಇನ್ನ ಎರಡು ವರ್ಷಕ್ಕೂ ಸುದ್ದ ಆಗಂಗಿಲ್ಲಕ್ಕಾ."

"ಅದಕ್ಕ ಹೇಳ್ಲಾಕತ್ತೀನಿ. ಹಂಗ ಹೋದ ಹುಡುಗಿನ್ನ ಮತ್ತ ಯಾರು ಕರೀತಾರ? ನನ್ನ ಮಗ ನಾಕ ಮಂದಿ ಮಾತ ಕೇಳೂ ಪೈಕಿ. ನಾ ಒಬ್ಬಾಕಿ ಎಷ್ಟಂತ ತಡೀಲಿ?" ಎಂದವಳು, ಸಾಹೇಬರ ಕಡೆ ತಿರುಗಿ, "ನೀವು ಓದಿದವ್ರು. ಅಕಿದು ತಪ್ಪಿದ್ರ ತಪ್ಪದ ಅನ್ರಿ. ಇಲ್ಲಂದ್ರ ಇಲ್ಲನ್ರಿ. ಸೋಮವಾರದೊಳಗ ಅನ್ರಿ" ಎಂದಳು.

ರೋಗದ ಮೂಲ ಹುಡುಕುವುದು ನಮಗೆ ದಿನದ ಕೆಲಸ. ಈ ಸಲ ಮೂಲದಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಮೂಲ ಅಲ್ಲಿಗೇ ನಿಂತರೆ ಆಕೆಯ ಸಂಸಾರ ಮುಗಿಯಿತು. ಮರುದಿನ ಸಾಹೇಬರು ರಜೆ ಹಾಕಲಿಲ್ಲ, ಜೀಪು ಕೇಳಲಿಲ್ಲ. "ನಡೀ ಖಾಜಾ, ಅಕಿ ತವರಿಗೆ ಹೋಗಿ ಬರೂಣು" ಎಂದರು. "ಗಿಡ ಅಲ್ಲಿಂದ ಬಂದದ. ಅಲ್ಲಿಗೆ ಎಲ್ಲಿಂದ ಬಂತು ನೋಡೂಣು."

ನೀಲಮ್ಮನ ತಂದೆ ಊರ ಹೊರಗಿನ ಬಾವಿಯ ಹತ್ತಿರ ಒಂದಿಷ್ಟು ಕೆಂಪು ಬಾಳೆ ಹಾಕಿದ್ದರು. ನೋಡಿದ ಕೂಡಲೇ ಗೊತ್ತಾಯಿತು. ಅದೇ ಜುಟ್ಟು. ಆ ಮನುಷ್ಯನಿಗೆ ಅದು ರೋಗ ಎಂದೇ ಗೊತ್ತಿರಲಿಲ್ಲ. ನೀರು ಕಡಿಮೆಯಾಗಿದೆ ಎಂದುಕೊಂಡು ಇದ್ದಬದ್ದ ನೀರನ್ನೆಲ್ಲ ಅದಕ್ಕೇ ಹಾಯಿಸುತ್ತಿದ್ದರು. ನಾವು ಕೇಂದ್ರದವರು, ಮಗಳ ಮನೆಯ ತೋಟ ನೋಡುವವರು ಎಂದು ತಿಳಿದು ನಮಗೆ ಹಗ್ಗದ ಹೊರಸು ಹಾಕಿ ಕೂಡಿಸಿದರು.

"ಈ ಮರಿ ಎಲ್ಲಿಂದ ತಂದ್ರಿ ಯಜಮಾನ್ರ?" ಸಾಹೇಬರು ಕೇಳಿದರು.

"ಎಲ್ಲಿಂದ ಅಂದ್ರ? ನಿಮ್ಮಲ್ಲಿಂದನೇ ತಂದದ್ದರೀ!" ಎಂದು ಆತ ಸಂತೋಷದಿಂದ ಹೇಳಿದರು. "ನಿಮ್ಮ ಕೇಂದ್ರದಾಗ ರೈತರ ಜಾತ್ರಿ ಮಾಡಿದ್ರಿ ನೋಡ್ರಿ, ಆಗ ಎಲ್ಲಾರಿಗೂ ಮರಿ ಹಂಚಿದ್ರಿ. ಸರಕಾರದ ಮರಿ, ಛಲೋ ಇರ್ತಾವಂತ ಅದರಾಗಿಂದೇ ಒಂದು ಮಗಳ ಉಡಿಗೆ ಹಾಕಿದ್ನಿರಿ."

ಸಾಹೇಬರ ಕೈಯಲ್ಲಿ ನೀರಿನ ಲೋಟ ಇತ್ತು. ಅದನ್ನು ಕುಡಿಯದೇ ಕೆಳಗಿಟ್ಟರು.

ಆ ಹಂಚಿಕೆ ನನಗೂ ನೆನಪಿತ್ತು. ದೊಡ್ಡ ಸಾಹೇಬರು, ಅಂದರೆ ಕೇಂದ್ರದ ಮುಖ್ಯಸ್ಥರು, ಮಂತ್ರಿಗಳು ಬರುತ್ತಾರೆ, ಹಂಚಲು ಮರಿ ಬೇಕು ಎಂದು ಅವಸರ ಮಾಡಿದ್ದರು. ನಮ್ಮಲ್ಲಿ ಸಾಕಷ್ಟು ಇರಲಿಲ್ಲ. ಬೇರೆ ಕಡೆಯಿಂದ ಲಾರಿಯಲ್ಲಿ ತರಿಸಿದರು. ಹೊರಗಿನಿಂದ ಬಂದ ಮರಿಯನ್ನು ಬೇರೆ ಮಡಿಯಲ್ಲಿ ನೆಟ್ಟು, ಹೊಸ ಎಲೆಗಳು ಬರುವ ತನಕ ನೋಡಿ, ಆಮೇಲೆ ಹೊರಗೆ ಬಿಡಬೇಕು ಎನ್ನುವುದು ನಿಯಮ. ಹೊಸದಾಗಿ ಸೇರಿದವರೇ, ಈ ನಿಯಮವನ್ನು ಯಾವ ಮಂತ್ರಿ ಬಂದರೂ ಮುರಿಯಬೇಡಿ. ಆಗ ಮುರಿದಿದ್ದರು. ಬಿಡುಗಡೆಯ ಕಾಗದಕ್ಕೆ ದೇಶಪಾಂಡೆ ಸಾಹೇಬರ ಸಹಿ ಬಿದ್ದಿತ್ತು.

ವಾಪಸು ಬರುವಾಗ ನಾನೇ ಬಾಯಿ ಬಿಟ್ಟೆ. "ಸಾಹೇಬ್ರ, ಹೇನು ಹಾರಿ ಬಂದು ರೋಗ ತಂತು ಅಂದ್ರ ಆತು. ಅದೂ ಪೂರಾ ಸುಳ್ಳಲ್ಲ. ಯಾರ ಹೆಸರೂ ಬರಂಗಿಲ್ಲ."

"ಅರೇ ಬಾಬಾ, ಹೇನು ಯಾರ ಗಿಡದಿಂದ ಹಾರಿತು ಅಂತ ಕೇಳ್ತಾರ. ಮೊದಲ ಗಿಡ ಬಾವಿ ಬಲ್ಲಿದ್ದೇ ಅಂತ ಊರಿಗೇ ಗೊತ್ತದ." ಕಿಟಕಿಯ ಹೊರಗೆ ನೋಡುತ್ತ ಹೇಳಿದರು: "ಎಲ್ಲೋ ಒಂದು ಕಡೆ ಯಾರದರ ಹೆಸರು ಬರಲೇಬೇಕು ಖಾಜಾ. ಆ ಹುಡುಗೀದು ಬ್ಯಾಡ."

ಸೋಮವಾರ ನಾವು ಹೋದಾಗ ಗುರುಬಾಯಿಯ ತೋಟದ ಮಾವಿನ ಗಿಡದ ಕೆಳಗೆ ಮನೆಯ ಹಿರಿಯರು, ಸುತ್ತಲಿನ ಬಾಳೆಯವರು ಎಲ್ಲ ಕೂತಿದ್ದರು. ನೀಲಮ್ಮ ತೋಟದ ಮನೆಯ ಬಾಗಿಲ ಹಿಂದೆ ಇದ್ದಳು, ಬಳೆಯ ಸದ್ದಿನಿಂದ ಗೊತ್ತಾಗುತ್ತಿತ್ತು. ಸಾಹೇಬರು ಕೂರಲಿಲ್ಲ. ನಿಂತೇ ಹೇಳಿದರು. ಈ ರೋಗ ಬಂದದ್ದು ಹೀಗೆ. ಹುಡುಗಿ ತಂದ ಮರಿ ಆಕೆಯ ತಂದೆಯದು. ತಂದೆಗೆ ಕೊಟ್ಟದ್ದು ನಮ್ಮ ಕೇಂದ್ರ. ನೋಡದೇ ಹಂಚಿದೆವು. ಸಹಿ ಮಾಡಿದವನು ನಾನು.

ಎಲ್ಲರೂ ಒಟ್ಟಿಗೆ ಎದ್ದರು. ಭಾಗಮ್ಮನ ದನಿ ಎಲ್ಲಕ್ಕಿಂತ ಮೇಲೆ: "ಹಂಗಾದ್ರ ನಮ್ಮ ಮನಿ ಮುರದವ್ರು ನೀವೇನು? ಕೋಟ ಹಾಕ್ಕೊಂಡು ಬಂದು ಉಪದೇಶ ಮಾಡ್ತಿದ್ರೆಲ್ಲ!" ಒಬ್ಬ ಮುದುಕ ಸಾಹೇಬರ ಎದೆಯ ತನಕ ಬಂದು ಕೈ ಎತ್ತಿದ. ನಾನು ನಡುವೆ ಹೋದೆ. ಸಾಹೇಬರು ನನ್ನನ್ನು ಪಕ್ಕಕ್ಕೆ ಸರಿಸಿದರು. "ಅನ್ನಲಿ ಬಿಡು" ಎಂದರು. ಅವರಿಗೆ ಕೆಮ್ಮು ಬಂತು. ಕೆಮ್ಮುತ್ತಲೇ ನಿಂತರು, ಹಿಂದೆ ಸರಿಯಲಿಲ್ಲ.

ಗುರುಬಾಯಿ ಎದ್ದು ಒಳಗೆ ಹೋದಳು. ಒಂದು ತಂಬಿಗೆ ಮಜ್ಜಿಗೆ ತಂದು ಸಾಹೇಬರ ಮುಂದೆ ಹಿಡಿದಳು. "ಮೊದಲ ಇದ ಕುಡೀರಿ. ಆಮ್ಯಾಲ ನಾನೂ ಬೈತೀನಿ."

ಜಗಳದ ನಡುವೆ ಯಾರೋ ಕಿಸಕ್ಕೆಂದು ನಕ್ಕರು. ಆಕೆ ನಿಜವಾಗಿಯೂ ಬೈದಳು. ಚೆನ್ನಾಗಿಯೇ ಬೈದಳು, ನನ್ನನ್ನೂ ಬಿಡಲಿಲ್ಲ. ಬೈದು ಮುಗಿದ ಮೇಲೆ ಮಗನ ಕಡೆ ತಿರುಗಿ ಕೇಳಿದಳು: "ಕೇಳಿದೇನೋ? ಈಗ ಯಾರನ್ನ ತವರಿಗೆ ಕಳಸ್ತೀ? ಸರಕಾರನ್ನ ಕಳಸ್ತೀಯೇನು?"

ಶರಣಪ್ಪ ಬಾಗಿಲ ಕಡೆ ಹೋಗಿ, "ನೀಲಾ, ಮಂದಿಗೆ ನೀರ ಕೊಡು ಬಾ" ಎಂದ. ಬಹಳ ದಿನದ ಮೇಲೆ ಗಂಡ ತನ್ನ ಹೆಸರು ಹಿಡಿದು ಕರೆದದ್ದು ಎಂದು ನೀಲಮ್ಮ ಮುಂದೆ ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದಳು.

ಹಾಗೆಂದು ಎಲ್ಲ ಸರಿಯಾಯಿತು ಎಂದಲ್ಲ. ತೋಟ ಕೀಳಲೇಬೇಕಿತ್ತು. ನಮ್ಮ ಕೆಲಸದಲ್ಲಿ ನನಗೆ ಅತ್ಯಂತ ಕಷ್ಟದ್ದು ಅದೇ. ಮೊದಲು ಗಿಡದ ಸುಳಿಗೆ ಸೀಮೆಎಣ್ಣೆ ಸುರಿಯಬೇಕು, ಇಲ್ಲವಾದರೆ ಗಿಡ ಅಲುಗಿದ ಕೂಡಲೇ ಹೇನು ಹಾರಿ ಬೇರೆ ಕಡೆ ಹೋಗುತ್ತವೆ. ಆಮೇಲೆ ಗಡ್ಡೆಸಹಿತ ಅಗೆದು, ತುಂಡು ಮಾಡಿ, ಹೂಳಬೇಕು. ಒಂದು ಗಡ್ಡೆ ಉಳಿದರೂ ಅದು ಮತ್ತೆ ಚಿಗುರಿ ರೋಗ ಎಬ್ಬಿಸುತ್ತದೆ. ಬಾವಿಯ ಹತ್ತಿರದ ಗಿಡಕ್ಕೆ ಬಂದಾಗ ನಾನು ಗುದ್ದಲಿ ನಿಲ್ಲಿಸಿದೆ. ನೀಲಮ್ಮ ನನ್ನ ಕೈಯಿಂದ ಗುದ್ದಲಿ ತೆಗೆದುಕೊಂಡಳು. ಗುರುಬಾಯಿ ಇನ್ನೊಂದು ಕಡೆಯಿಂದ ಹಾರೆ ಹಾಕಿದಳು. ಅತ್ತೆ ಸೊಸೆ ಇಬ್ಬರೂ ಕೂಡಿ ಅಗೆದರು. ಗಡ್ಡೆ ಮೇಲೆ ಬಂದಾಗ ಗುರುಬಾಯಿ ಅಂದಳು, "ಬೇರು ಭಾರಿ ಹಿಡಿದಿತ್ತು ನೋಡು. ನೀ ಛಲೋ ಹಚ್ಚಿದ್ದಿ." ಆಗ ಮಾತ್ರ ನೀಲಮ್ಮನ ಕಣ್ಣಲ್ಲಿ ನೀರು ಬಂತು.

ಗುರುಬಾಯಿಗೆ ಒಂದೇ ಹಠ. ಬೇರೆ ಕಡೆಯ ಮರಿ ಬೇಡ, ತನ್ನ ತೋಟದ ಬಾಳೆಯೇ ತನಗೆ ವಾಪಸು ಬೇಕು. ಹಳ್ಳದ ಆಚೆ ದಂಡೆಯಲ್ಲಿ ಆಕೆಯದೇ ಒಂದು ಗುಂಪು ಗಿಡ ಬೇರೆಯಾಗಿ ನಿಂತಿತ್ತು. ಎಲೆ ಎಲೆ ನೋಡಿದೆವು, ಗೆರೆ ಇರಲಿಲ್ಲ. ಸಾಹೇಬರು ಅದರ ಎಲೆಯನ್ನು ದೂರದ ದೊಡ್ಡ ಪ್ರಯೋಗಾಲಯಕ್ಕೆ ಪರೀಕ್ಷೆಗೆ ಕಳಿಸಿದರು. ರೋಗವಿಲ್ಲ ಎಂದು ತಿಳಿದ ಮೇಲೆ ಆ ಗಡ್ಡೆಗಳನ್ನು ಕಲಬುರಗಿಗೆ ತಂದೆವು.

ದೊಡ್ಡ ಸಾಹೇಬರು ಕೂಗಾಡಿದ್ದು ಮೂರು ಕೋಣೆಯಾಚೆಗೂ ಕೇಳಿಸಿತು. ಕೇಂದ್ರದ ಮರ್ಯಾದೆಯನ್ನು ಬೇಲಿಯ ಮೇಲೆ ಒಣಹಾಕಿ ಬಂದಿದ್ದೀರಿ ಎಂದರಂತೆ. ದೇಶಪಾಂಡೆ ಸಾಹೇಬರು ಹೊರಗೆ ಬಂದು ನನಗೆ ಹೇಳಿದ್ದು ಇಷ್ಟೇ: "ಬಾಟ್ಲಿ ಹುಡುಕಬೇಕು ಖಾಜಾ."

ಆಗ ನಮ್ಮಲ್ಲಿ ಅಂಗಾಂಶ ಕೃಷಿ ಹೊಸದು. ಗಡ್ಡೆಯನ್ನು ಕೆತ್ತಿ ಕೆತ್ತಿ ಒಳಗಿನ ಬೆರಳ ತುದಿಯಷ್ಟು ಮೊಗ್ಗು ತೆಗೆದು, ಔಷಧಿ ನೀರಿನಲ್ಲಿ ತೊಳೆದು, ಬಾಟಲಿಯಲ್ಲಿ ಗಿಡದ ಆಹಾರ ಬೆರೆಸಿದ ಅಂಟಿನ ಮೇಲೆ ಕೂಡಿಸಬೇಕು. ಅಲ್ಲಿ ಅದು ಒಡೆದು ಒಂದಕ್ಕೆ ನಾಲ್ಕಾಗುತ್ತದೆ. ಗುದ್ದಲಿ ಹಿಡಿದ ಕೈಗೆ ಚಿಮಟ ಕೊಟ್ಟರು. ಕಲಿತೆ. ಸರಿಯಾದ ಬಾಟಲಿಗಳಿಗೆ ದುಡ್ಡು ಮಂಜೂರಾಗಿರಲಿಲ್ಲ. ಸ್ಟೇಶನ್ ಬಜಾರದ ರದ್ದಿ ಅಂಗಡಿಗಳಲ್ಲಿ ನನ್ನ ಗುರುತಿನವರಿದ್ದರು. ಜಾಮಿನ ಖಾಲಿ ಬಾಟಲಿಗಳನ್ನು ಚೀಲ ತುಂಬಿ ತಂದು ಕುದಿಸಿ ಕುದಿಸಿ ತೊಳೆದೆವು. ಮೊದಮೊದಲು ಎಷ್ಟು ತೊಳೆದರೂ ಕೋಣೆಗೆ ಹಣ್ಣಿನ ಜಾಮಿನ ವಾಸನೆ, ಬಾಗಿಲಿಗೆ ಇರುವೆ ಸಾಲು.

ಕೆಟ್ಟದ್ದೇ ಹೆಚ್ಚು. ಕೆಲವು ಮೊಗ್ಗು ಕೆತ್ತಿದ ಗಾಯದಿಂದ ಕಪ್ಪಾಗಿ ಸತ್ತವು. ಕೆಲವು ಬಾಟಲಿಗಳಲ್ಲಿ ಬೂಷ್ಟು ಹಿಡಿದು, ಹತ್ತಿಯಂತೆ ಬೆಳೆದು ಗಿಡವನ್ನೇ ಮುಚ್ಚಿತು. ಕಲಬುರಗಿಯ ಬೇಸಿಗೆ ಬಂತು. ಕರೆಂಟು ಹೋದರೆ ತಂಪು ಯಂತ್ರ ನಿಂತು ಬಾಟಲಿಯೊಳಗಿನ ಅಂಟು ಬೆವರುತ್ತಿತ್ತು. ನಾನು ಕಿಟಕಿಗಳಿಗೆಲ್ಲ ಲಾವಂಚದ ತಡಿಕೆ ಕಟ್ಟಿ ನೀರು ಹೊಡೆದೆ. ಗಾಳಿಗೆ ಬೂಷ್ಟು ಬರುತ್ತದೆ ಎಂದು ಸಾಹೇಬರು ಬೈದರು. ಕಿಟಕಿಗೆ ಗಾಜು ಮುಚ್ಚಿ, ತಡಿಕೆಯನ್ನು ಹೊರಗೋಡೆಗೆ ಒರಗಿಸಿದೆ. ಅಷ್ಟರಲ್ಲಿ ಅವರ ಸಿಟ್ಟೂ ತಂಪಾಯಿತು.

ಗುರುಬಾಯಿ ಸೊಸೆಯನ್ನು ಕರೆದುಕೊಂಡು ನೋಡಲು ಬಂದಳು. ಶರಣಬಸವೇಶ್ವರ ಗುಡಿಗೆ ಹೋಗಿ, ಅಲ್ಲಿಂದ ನಡೆದೇ ಬಂದಿದ್ದರು. ಚಪ್ಪಲಿ ಬಿಡಿ ಎಂದು ನಾನು ಹೇಳುವ ಮೊದಲೇ ಬಿಟ್ಟಿದ್ದರು. ಸಾಲು ಸಾಲು ಬಾಟಲಿಯಲ್ಲಿ ಕಿರುಬೆರಳಿನಷ್ಟು ಬಾಳೆಗಳನ್ನು ನೋಡಿ ಗುರುಬಾಯಿ ಗಲ್ಲಕ್ಕೆ ಕೈ ಇಟ್ಟಳು. "ಏ ಯವ್ವಾ! ಉಪ್ಪಿನಕಾಯಿ ಹಾಕ್ಯಾರಲ್ಲೇ ನನ್ನ ಬಾಳಿ!"

ನೀಲಮ್ಮ ಮಾತ್ರ ಒಂದೊಂದೇ ಬಾಟಲಿಯ ಹತ್ತಿರ ಬಗ್ಗಿ ಬಗ್ಗಿ ನೋಡುತ್ತಿದ್ದಳು. "ಸಾಹೇಬ್ರ, ಇದಕ್ಕ ಜುಟ್ಟುರೋಗ ಬಂದ್ರ ಹ್ಯಾಂಗ ಗೊತ್ತಾಗ್ತದರಿ?" ಎಂದು ಕೇಳಿದಳು. ಸಾಹೇಬರು ತಮ್ಮ ಊಟ ಬಿಟ್ಟು ಆಕೆಗೆ ತೋರಿಸಿದರು: ಎಲೆಯನ್ನು ಹಿಂದಿನಿಂದ ಬಿಸಿಲಿಗೆ ಹಿಡಿಯುವುದು, ನಡುದಂಟಿನಿಂದ ಗೆರೆ ಹೇಗೆ ಕೊಕ್ಕೆಯಂತೆ ಇಳಿಯುತ್ತದೆ, ಹೇನು ಎಲೆಬುಡದ ಯಾವ ಸಂದಿಯಲ್ಲಿ ಕೂರುತ್ತದೆ. ನಮ್ಮಲ್ಲಿ ತರಬೇತಿಗೆ ಬಂದವರಿಗೆ ಹೇಳಿದ್ದಕ್ಕಿಂತ ಹೆಚ್ಚು ಹೇಳಿದರು. ಆಮೇಲೆ ಆಕೆ ಬಂದಾಗಲೆಲ್ಲ ಇನ್ನೊಂದಿಷ್ಟು ಕೇಳಿ ಹೋಗುತ್ತಿದ್ದಳು.

ಸಸಿಗಳನ್ನು ಬಾಟಲಿಯಿಂದ ತೆಗೆದು ನೆರಳಿನ ಮನೆಗೆ ಇಳಿಸಿದಾಗ ಹೊಸ ಪೆಟ್ಟು ಬಿತ್ತು. ಕೆಲವು ಸಸಿಗಳ ದಂಟು ಹಸಿರಾಗಿತ್ತು. ಕೆಂಪು ಬಾಳೆ ಬಾಟಲಿಯಲ್ಲಿ ಹೆಚ್ಚು ಒಡೆದರೆ ಒಮ್ಮೊಮ್ಮೆ ಹೀಗೆ ತನ್ನ ಬಣ್ಣ ಬಿಡುತ್ತದೆ ಎಂದು ಸಾಹೇಬರು ಹೇಳಿದರು. ರೋಗವಲ್ಲ, ಆದರೆ ಹಣ್ಣು ಹಸಿರಾಗಿಯೇ ಬರುತ್ತದೆ. ಸಾಹೇಬರು ಬಹಳ ಹೊತ್ತು ಒಂದು ಸಸಿಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು. "ಅಕಿಗೆ ಇದನ್ನ ಕೊಟ್ರ ಮತ್ತ ಅದೇ ಹುಡುಗಿ ಮ್ಯಾಲ ಬರ್ತದ ಖಾಜಾ. ಬಣ್ಣಾನೂ ಹೋಯ್ತು ಅಂತಾರ." ಹಸಿರಿನವನ್ನೆಲ್ಲ ಬೇರೆ ಮಾಡಿದೆವು. ಅನುಮಾನದವನ್ನೂ ಬೇರೆ ಮಾಡಿದೆವು. ಮೊದಲಿಂದ ಮತ್ತೆ ಶುರು ಮಾಡಿದೆವು, ಈ ಸಲ ಕಡಿಮೆ ಸಲ ಒಡೆಸಿದೆವು. ಹೀಗೆ ತಡವಾಯಿತು. ತಡವಾದದ್ದಕ್ಕೆ ಊರಿನಲ್ಲಿ ಮಾತಾಡಿದರು, ದೊಡ್ಡ ಸಾಹೇಬರೂ ಮಾತಾಡಿದರು. ನಾನು ಕೆಂಪು ದಂಟಿನ ಸಸಿಗಳಿಗೆ ನೀರು ಚಿಮುಕಿಸುತ್ತಿದ್ದೆ.

ಕೊನೆಗೆ ಸಸಿಗಳು ಟೆಂಪೋ ಹತ್ತಿ ಕಮಲಾಪುರಕ್ಕೆ ಹೋದವು. ಅಷ್ಟು ಹೊತ್ತಿಗೆ ನೀಲಮ್ಮನ ಕಂಕುಳಲ್ಲಿ ಒಂದು ಕೂಸೂ ಇತ್ತು. ಕೂಸನ್ನು ನನ್ನ ಕೈಗೆ ಕೊಟ್ಟು ಆಕೆ ಸಸಿ ನೆಡಲು ಗುಣಿಗೆ ಇಳಿದಳು. ಒಂದೂವರೆ ವರ್ಷ ಕಾಯಬೇಕಿತ್ತು. ಆ ನಡುವೆಯೇ ದೇಶಪಾಂಡೆ ಸಾಹೇಬರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಹೋಗುವಾಗ, "ಮೊದಲ ಗೊನಿ ಕೊಯ್ದಾಗ ರುಚಿ ಹ್ಯಾಂಗದ ಬರದು ತಿಳಸು" ಎಂದಷ್ಟೇ ಹೇಳಿದರು. ಬರೆದೆ. ಸಿಹಿ ಮೊದಲು ಬರುತ್ತದೆ, ಹುಳಿ ಹಿಂದಿನಿಂದ ಬಂದು ಸ್ವಲ್ಪ ಹೊತ್ತು ಕೂರುತ್ತದೆ, ಮೊದಲಿನ ಹಾಗೆಯೇ ಇದೆ ಎಂದು ಬರೆದೆ.

ಆ ಗೊನೆ ಕೊಯ್ದ ದಿನ ನಾನು ತೋಟದಲ್ಲಿದ್ದೆ. ಗೊನೆಗಳು ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಬಂದಿದ್ದವು, ಬುಡದಲ್ಲಿ ಮರಿಗಳು ಎದ್ದಿದ್ದವು. ಭಾಗಮ್ಮ ಬೇಲಿಯ ಹತ್ತಿರ ಬಂದು ನಿಂತಳು. ಆಕೆಯ ತೋಟವನ್ನೂ ನಾವು ಕಿತ್ತಿದ್ದೆವು, ಅದಿನ್ನೂ ಖಾಲಿ ಇತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಅಕ್ಕಾ, ನಾಕ ಮರಿ ಕೊಡ್ತಿಯೇನವಾ? ಹಚ್ಕೋತೀನಿ" ಎಂದಳು.

ಗುರುಬಾಯಿ ಗೊನೆಯ ದಂಟು ಕತ್ತರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ನನ್ನ ಯಾಕ ಕೇಳ್ತಿ? ಮರಿ ಲೆಕ್ಕ ಎಲ್ಲಾ ಅಕೀದು. ಅಕಿನ್ನ ಕೇಳು."

ಭಾಗಮ್ಮ ದನಿ ತಗ್ಗಿಸಿ ಕರೆದಳು: "ನೀಲವ್ವಾ..."

ನೀಲಮ್ಮ ಬಂದಳು. ಒಂದು ಮಾತು ಅಂದು ತೀರಿಸಿಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ದಿನ ಆಕೆಗೆ ಮತ್ತೆ ಸಿಗುತ್ತಿರಲಿಲ್ಲ. ಆಕೆ ಬಗ್ಗಿ ಒಂದು ಮರಿಯ ಎಲೆಯನ್ನು ಮೆಲ್ಲಗೆ ತಿರುಗಿಸಿ, ಬಿಸಿಲಿಗೆ ಹಿಡಿದು, ಬುಡದ ತನಕ ಕಣ್ಣಾಡಿಸಿದಳು.

"ಇವತ್ತ ಕೊಡಂಗಿಲ್ಲ ಸಣ್ಣತ್ತಿ. ಸಿಟ್ಟಾಗಬ್ಯಾಡ್ರಿ. ಇನ್ನೆರಡ ಎಲಿ ಬರಲಿ, ನೋಡ್ತೀನಿ. ಛಲೋ ಇದ್ರ ನಾನೇ ಹೊತ್ಕೊಂಡು ಬಂದು ನಿಮ್ಮ ತ್ವಾಟದಾಗ ಹಚ್ಚಿಕೊಡ್ತೀನಿ."

ಭಾಗಮ್ಮ ತಲೆಯಾಡಿಸಿದಳು. ಹೋಗಲಿಲ್ಲ. ಬೇಲಿ ಸರಿಸಿ ಒಳಗೆ ಬಂದು, ನೀಲಮ್ಮನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, "ಏನ ನೋಡಬೇಕು, ನನಗೂ ಜರಾ ತೋರಸು" ಎಂದಳು.